ಕನ್ನಡಿ ಬಿಚ್ಚಿದ ಗಾಡಿಗಳು

ಜಿಪ್ಪು ಹೊಕ್ಕುಳಿನವರೆಗೆ ಸರಾಗವಾಗಿ ಬಂದು ಅಲ್ಲಿ ಮೊಂಡು ಹಿಡಿಯಿತು. ಬಾಡಿಗೆಗೆ ಚರ್ಮದ ಉಡುಪು ಕೊಡುವ ಆ ಇಕ್ಕಟ್ಟು ಕೋಣೆಯಲ್ಲಿ, ಯಾರ್ಯಾರದೋ ಬೆವರು ಕುಡಿದು ಸಾಲಾಗಿ ತೂಗುತ್ತಿದ್ದ ತಲೆಯಿಲ್ಲದ ಮನುಷ್ಯರ ನಡುವೆ, ಪುಟ್ಟ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಲು ನೋಡಿದ. ಜಿಪ್ಪು ಒಂದು ಹಲ್ಲು ಮೇಲೇರಿ ಮತ್ತೆ ನಿಂತಿತು. ಹಲ್ಲಿನ ವಿಷಯದಲ್ಲಿ ಅವನು ಸೋಲುವವನಲ್ಲ. ಊರಿನ ಅರ್ಧ ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದೇ ಅವನ ಕಸುಬು. ಮೇಣದಲ್ಲಿ ಕೆತ್ತಿ, ಉಜ್ಜಿ, ಹೊಳಪು ಕೊಟ್ಟು, ಕಾಣದ ಬಾಯಿಗಳಿಗೆ ನಗು ಕೂಡಿಸಿ ಕಳಿಸುತ್ತಾನೆ. ಆದರೆ ಇದು ತನ್ನದೇ ಹೊಟ್ಟೆ. ನಲವತ್ತಾರು ತುಂಬಿದ, ನೆತ್ತಿ ಬಯಲಾಗುತ್ತಿರುವ ಗಂಡಸನ್ನು ಈಗಲೂ ಪುಟ್ಟ ಎಂದು ಕರೆಯುವವರು ಲೋಕದಲ್ಲಿ ಇಬ್ಬರೇ, ಅಕ್ಕ ಮತ್ತು ಭಾವ. ಆ ಇಬ್ಬರಲ್ಲಿ ಒಬ್ಬರು ಈಗ ಪರದೆಯ ಆಚೆ ನಿಂತು, ಬೇಕೆಂದೇ ಕೇಳಿಸುವ ಹಾಗೆ ಕೆಮ್ಮುತ್ತಿದ್ದರು.

"ಆಯ್ತೇನೋ?"

"ಆಯ್ತು ಭಾವ, ಒಂದ್ನಿಮಿಷ."

"ಮಲಗಿ ಹಾಕ್ಕೋ. ನಾನು ಮಲಗೇ ಹಾಕ್ಕೊಂಡಿದ್ದು."

ಭಾವ ಯಾವುದನ್ನೇ ಆಗಲಿ ಅವನಿಗಿಂತ ಮುಂಚೆ ಮಾಡಿ, ಮಾಡುವ ಬಗೆಯನ್ನು ಆಮೇಲೆ ಅವನಿಗೆ ಹೇಳುವವರು. ಕ್ಲಚ್ಚು ಬಿಡುವುದು, ಮೀಸೆ ಕತ್ತರಿಸುವುದು, ಸಾಲ ಕೇಳಿದವರಿಗೆ ಇಲ್ಲವೆನ್ನುವುದು, ಹುಡುಗಿಯ ಮನೆಯವರ ಮುಂದೆ ಕಾಲು ಕುಣಿಸದೆ ಕೂರುವುದು, ಎಲ್ಲ ಹಾಗೆಯೇ ಬಂದಿತ್ತು. ಪುಟ್ಟ ನೆಲದ ಮೇಲೆ ಅಂಗಾತ ಮಲಗಿದ. ಚಾವಣಿಯ ಫ್ಯಾನು ಒಂದು ರೆಕ್ಕೆಯಲ್ಲಿ ಸ್ವಲ್ಪ ಜೋಲುತ್ತ ತಿರುಗುತ್ತಿತ್ತು. ಮಲಗಿದ ಕೂಡಲೇ ಹೊಟ್ಟೆ ಎಲ್ಲಿ ಹೋಯಿತೋ, ಜಿಪ್ಪು ಸರ್ರನೆ ಗಂಟಲಿಗೆ ಬಂತು. ಅವನಿಗೆ ಸಂತೋಷದ ಬದಲು ಸಣ್ಣ ಸಿಟ್ಟು ಬಂತು. ಈ ಮನುಷ್ಯ ಇದನ್ನೂ ಸರಿಯಾಗೇ ಹೇಳಬೇಕೇ? ಸಿಟ್ಟು ಬಂದದ್ದಕ್ಕೆ ತಕ್ಷಣ ನಾಚಿಕೆಯಾಗಿ, ಎದ್ದು, ಪರದೆ ಸರಿಸಿ, ಅಗತ್ಯಕ್ಕಿಂತ ಹೆಚ್ಚು ಹಲ್ಲು ಬಿಟ್ಟ. ಎದುರಿಗೆ ಭಾವ. ಬೆಳ್ಳಗಿನ ಮೀಸೆ, ಮೂಗಿನ ಮೇಲೆ ಕನ್ನಡಕ, ಅದರ ಕೆಳಗೆ ಕುತ್ತಿಗೆಯಿಂದ ಪಾದದವರೆಗೆ ಕೆಂಪು ಕಪ್ಪು ಚರ್ಮ. ರಟ್ಟಿನ ಡಬ್ಬಿಯಲ್ಲಿ ಬಂದ ಆಟಿಕೆಯನ್ನು ಯಾರೋ ತಾತನ ತಲೆ ಹಾಕಿ ಕಳಿಸಿದಂತೆ ಇದ್ದರು.

"ನಗಬೇಡ. ನೀನೂ ಹಾಗೇ ಕಾಣ್ತಿದೀಯ," ಅಂದರು ಭಾವ.

ರೇಸಿನ ಟ್ರ್ಯಾಕಿನಲ್ಲಿ ಬೈಕು ಓಡಿಸುವ ಈ ಹುಚ್ಚು ಹುಟ್ಟಿದ್ದು ಭಾವನ ತಲೆಯಲ್ಲೇ. ವಿಮಾ ಕಂಪನಿಯಲ್ಲಿ ಅವರು ಸರ್ವೇಯರಾಗಿದ್ದವರು. ಅಪಘಾತವಾದ ಗಾಡಿಗಳನ್ನು ನೋಡಿ, ಎಷ್ಟು ಜಖಂ, ಹೇಗಾಯಿತು, ಯಾರ ತಪ್ಪು ಎಂದು ಬರೆಯುವ ಕೆಲಸ. ಮೂವತ್ತು ವರ್ಷ ಗ್ಯಾರೇಜುಗಳ ಹಿತ್ತಲಲ್ಲಿ, ಪೊಲೀಸ್ ಠಾಣೆಗಳ ಅಂಗಳದಲ್ಲಿ, ಮುರಿದ ಮುಂಭಾಗಗಳ ಎದುರು ಕುಕ್ಕರಗಾಲಲ್ಲಿ ಕೂತಿದ್ದವರು. ನಿವೃತ್ತಿಯಾದ ಮೇಲೆ ಒಂದು ಸಂಜೆ, ಟೀ ಲೋಟ ಕೆಳಗಿಡುತ್ತ, ಯಾವ ಪೀಠಿಕೆಯೂ ಇಲ್ಲದೆ ಹೇಳಿದ್ದರು: "ಪುಟ್ಟ, ಸಾಯೋದ್ರೊಳಗೆ ಒಂದು ಸಲ ಎದುರಿಂದ ಯಾರೂ ಬರದ ರಸ್ತೇಲಿ ಗಾಡಿ ಓಡಿಸ್ಬೇಕು ಕಣೋ." ನಾಯಿ ಅಡ್ಡ ಬರದ, ಬಸ್ಸು ಬಾಗಿಲು ತೆರೆಯದ, ಮರಳು ಚೆಲ್ಲದ ರಸ್ತೆ. ಅಕ್ಕ ಒಳಗಿನಿಂದಲೇ, "ಸಾಯೋದ್ರೊಳಗೆ ಅಂದ್ರೆ ಅವತ್ತೇ ಅನ್ನೋ ಹಾಗಿದೆ," ಅಂದಿದ್ದಳು. ಆದರೂ ಇವತ್ತು ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ಎದ್ದು ಬ್ರೆಡ್ಡಿಗೆ ಬೆಣ್ಣೆ ಸವರಿ ಕಟ್ಟಿಕೊಟ್ಟಳು. ಭಾವ ಗಾಡಿ ಹೊರಗೆ ತಳ್ಳುತ್ತಿದ್ದಾಗ ಪುಟ್ಟನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡಳು. "ಅವರಿಗೆ ವಯಸ್ಸಾಯ್ತು ಅಂತ ಅವರಿಗೆ ಗೊತ್ತಿಲ್ಲ. ನೀನು ಅವರ ಹಿಂದೇನೇ ಇರು. ಕಣ್ಣು ತೆಗೀಬೇಡ. ಅವರಿಗೆ ಮಾತ್ರ ಹೇಳ್ಬೇಡ ನಾನು ಹೇಳ್ದೆ ಅಂತ." ಅವಳ ಕೈ ಬೆಣ್ಣೆಯಿಂದ ಜಾರುತ್ತಿತ್ತು. ಪುಟ್ಟ ತಲೆ ಆಡಿಸಿದ್ದ. ಅಕ್ಕನ ಮುಂದೆ ಅವನ ತಲೆ ಅಡ್ಡಕ್ಕೆ ಆಡಿದ್ದೇ ಇಲ್ಲ.

ತಪಾಸಣೆಯ ಜಾಗದಲ್ಲಿ ಗಾಡಿಗಳ ಸಾಲು. ಮುಂದಿನ ದೀಪಕ್ಕೆ, ಹಿಂದಿನ ದೀಪಕ್ಕೆ, ಒಡೆದರೆ ಚೂರು ಬೀಳದಂತೆ ಟೇಪು ಅಂಟಿಸಬೇಕು, ಕನ್ನಡಿಗಳನ್ನು ಬಿಚ್ಚಿಡಬೇಕು. ಭಾವ ಸ್ಪ್ಯಾನರು ಕೈಯಲ್ಲಿ ಹಿಡಿದು ತುಂಬ ಹೊತ್ತು ಬಲಗನ್ನಡಿಯನ್ನೇ ನೋಡುತ್ತ ನಿಂತರು. "ಕನ್ನಡಿ ಇಲ್ದೆ ಹೇಗೆ?" ಎಂದು ತಪಾಸಣೆಯವನನ್ನು ಕೇಳಿದರು. ಅವನು ಟಯರಿನ ಗಾಳಿ ನೋಡುತ್ತಿದ್ದವನು ತಲೆಯೆತ್ತದೆ, "ಹಿಂದಿನೋರ ಚಿಂತೆ ಹಿಂದಿನೋರಿಗೆ ಸರ್. ನೀವು ಮುಂದೆ ನೋಡಿ ಸಾಕು," ಎಂದ. ಕನ್ನಡಿ ಬಿಚ್ಚಿದ ಗಾಡಿ ಕಿವಿ ಕತ್ತರಿಸಿದ ಪ್ರಾಣಿಯ ಹಾಗೆ ಸಪ್ಪಗೆ ಕಂಡಿತು. ಪುಟ್ಟನಿಗೆ ಒಳಗೊಳಗೇ ಒಂದು ಹಗುರ. ಎಷ್ಟೋ ವರ್ಷಗಳ ಭಾನುವಾರದ ಸವಾರಿಗಳಲ್ಲಿ ಅವನು ಭಾವನ ಆ ಬಲಗನ್ನಡಿಯಲ್ಲಿ ಒಂದು ಚುಕ್ಕೆಯಾಗಿ ಬದುಕಿದ್ದ. ಚುಕ್ಕೆ ಸಣ್ಣದಾದರೆ ಭಾವ ನಿಧಾನಿಸುವರು. ಚುಕ್ಕೆ ಮರೆಯಾದರೆ ರಸ್ತೆಯ ಬದಿ ಗಾಡಿ ನಿಲ್ಲಿಸಿ, ಹೆಲ್ಮೆಟ್ಟು ಟ್ಯಾಂಕಿನ ಮೇಲಿಟ್ಟು, ಸೊಂಟಕ್ಕೆ ಕೈ ಕೊಟ್ಟು ಕಾಯುವರು. ಉಚ್ಚೆ ಹೊಯ್ಯಲು ನಿಂತರೂ ಲೆಕ್ಕ ಕೊಡಬೇಕು. ಇವತ್ತು ಆ ಕಣ್ಣಿಲ್ಲ. ಇವತ್ತು ನೋಡುವವನು ತಾನು. ಹಾಗಂದುಕೊಂಡು ಗಾಡಿಯ ಬಾಲಕ್ಕೆ ಟೇಪು ಅಂಟಿಸುವಾಗ, ಅದು ಸುಕ್ಕಾಯಿತು, ಮತ್ತು ಭಾವ ಬಂದು ಅದನ್ನು ಕಿತ್ತು ಸರಿಯಾಗಿ ಅಂಟಿಸಿದರು.

ಹೊಸಬರ ಪಾಠ ಒಂದು ಉದ್ದನೆಯ ಕೋಣೆಯಲ್ಲಿ. ಕುರ್ಚಿಗಳ ಮೇಲೆ ಚರ್ಮದ ಉಡುಪಿನವರು ಕರಕರ ಸದ್ದು ಮಾಡುತ್ತ ಕೂತಿದ್ದರು. ಯಾರು ಕದಲಿದರೂ ಇಡೀ ಕೋಣೆಗೆ ತಿಳಿಯುತ್ತಿತ್ತು. ಪಾಠ ಹೇಳಲು ಬಂದವಳು ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಕೂದಲನ್ನು ಹಗ್ಗದ ಹಾಗೆ ಹೆಣೆದಿದ್ದಳು. ಮೇಲಿನ ಎಡಭಾಗದ ಕೋರೆಹಲ್ಲು ಅವಳದಲ್ಲ ಎಂದು ಪುಟ್ಟನಿಗೆ ಮೊದಲ ವಾಕ್ಯಕ್ಕೇ ತಿಳಿಯಿತು. ಒಳ್ಳೆಯ ಕೆಲಸ, ಬಣ್ಣ ಮಾತ್ರ ಒಂದು ಛಾಯೆ ಬೆಳ್ಳಗಾಗಿದೆ. ಎಲ್ಲೋ ಬಿದ್ದು ಕಳೆದುಕೊಂಡಿದ್ದಾಳೆ. ಅವನಿಗೆ ಅವಳ ಮೇಲೆ ನಂಬಿಕೆ ಬಂತು. ಅವಳು ಬೋರ್ಡಿನ ಮೇಲೆ ಒಂದು ತಿರುವು ಬರೆದಳು. ಹೊರಗಿನಿಂದ ಬನ್ನಿ, ಒಳಮೂಲೆ ಮುಟ್ಟಿ, ಮತ್ತೆ ಹೊರಗೆ ಹೋಗಿ. ನೇರ ರಸ್ತೆಯಲ್ಲಿ ಮಾತ್ರ ಒಬ್ಬರನ್ನೊಬ್ಬರು ದಾಟಬಹುದು, ತಿರುವಿನಲ್ಲಿ ಬೇಡ. ಹಳದಿ ಬಾವುಟ ಕಂಡರೆ ಎಚ್ಚರ, ಕೆಂಪು ಕಂಡರೆ ಎಲ್ಲರೂ ಟ್ರ್ಯಾಕು ಬಿಟ್ಟು ಒಳಗೆ, ಕಪ್ಪು ಬಾವುಟ ನಿಮಗೇ ತೋರಿಸಿದರೆ ನೀವು ಮಾತ್ರ ಒಳಗೆ. ಯಾರು ಬಿದ್ದರೂ ಟ್ರ್ಯಾಕಿನ ಮೇಲೆ ನಿಲ್ಲಬೇಡಿ, ಎತ್ತೋಕೆ ನಮ್ಮ ಜನ ಇದ್ದಾರೆ. "ಎಲ್ಲದಕ್ಕಿಂತ ಮುಖ್ಯ, ನೀವು ಹೋಗಬೇಕಾದ ಕಡೆ ನೋಡಿ. ಗುಂಡಿ ನೋಡಿದ್ರೆ ಗುಂಡಿಗೇ ಹೋಗ್ತೀರ. ಕಣ್ಣು ಮುಂದೆ ಹೋದ್ರೆ ಗಾಡಿ ತಾನಾಗೇ ಅದರ ಹಿಂದೆ ಬರುತ್ತೆ."

ಭಾವ ಕೈ ಎತ್ತಿದರು.

"ಮೇಡಂ, ತಿರುವಲ್ಲಿ ಗಾಡಿ ಬಿದ್ರೆ ಸವಾರ ಮೊದಲು ಜಾರ್ತಾನೋ, ಗಾಡೀನೋ?"

ಕೋಣೆಯಲ್ಲಿ ಕರಕರ ಸದ್ದು ನಿಂತಿತು. ಅವಳು ಬಾಯಿತುಂಬ ನಕ್ಕಳು. "ಸರ್, ಮೊದಲು ಓಡ್ಸೋಣ. ಆಮೇಲೆ ಬೀಳೋಣ."

ಎಲ್ಲರೂ ಗೊಳ್ಳೆಂದರು. ಪುಟ್ಟನ ಕಿವಿಯ ತುದಿ ಬಿಸಿಯಾಯಿತು. ಯಾಕೆ ಕೇಳಬೇಕಿತ್ತು ಇವರು, ಸುಮ್ಮನೆ ಕೂರಬಾರದೇ ಎಂದುಕೊಂಡ. ಅಷ್ಟರಲ್ಲಿ ಭಾವನ ಮುಖ ನೋಡಿದ. ಅವರು ತಮಾಷೆಗೆ ಕೇಳಿರಲಿಲ್ಲ. ಅವರು ತಮಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ ಕೇಳಿದ್ದರು, ಬಿದ್ದ ಗಾಡಿಗಳ ಭಾಷೆಯಲ್ಲಿ. ನಗುವವರ ಜೊತೆ ತಾನೂ ಅರ್ಧ ತುಟಿಯಲ್ಲಿ ನಕ್ಕಿದ್ದನ್ನು ಪುಟ್ಟ ಕೆಮ್ಮಾಗಿ ಬದಲಾಯಿಸಿದ.

ಮೊದಲ ಸುತ್ತುಗಳು ತರಬೇತಿಯವಳ ಹಿಂದೆ, ತಾಯಿ ಬಾತುಕೋಳಿಯ ಹಿಂದೆ ಮರಿಗಳ ಹಾಗೆ. ಆಮೇಲೆ ಅವಳು ಪಕ್ಕಕ್ಕೆ ಸರಿದು, ಹೋಗಿ ಎಂದು ಕೈ ಬೀಸಿದಳು. ಮುಂದೆ ಭಾವ, ಹಿಂದೆ ಪುಟ್ಟ. ಅಷ್ಟು ಅಗಲದ, ಅಷ್ಟು ನುಣುಪಾದ, ಖಾಲಿ ರಸ್ತೆಯನ್ನು ಪುಟ್ಟ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅಂಚಿಗೆ ಕೆಂಪು ಬಿಳಿ ಬಣ್ಣದ ಪಟ್ಟಿ, ಆಚೆ ಹುಲ್ಲು, ಅದರಾಚೆ ಜಲ್ಲಿ. ಊರಿನಲ್ಲಿ ಗಾಡಿ ಓಡಿಸುವುದೆಂದರೆ ಅವನಿಗೆ ಸದಾ ಕ್ಷಮೆ ಕೇಳುತ್ತ ಹೋದ ಹಾಗೆ; ಲಾರಿಯವನಿಗೆ, ತರಕಾರಿ ಗಾಡಿಯವನಿಗೆ, ಫೋನಿನಲ್ಲಿ ಮುಖ ಹುದುಗಿಸಿ ದಾಟುವ ಹುಡುಗಿಗೆ. ಇಲ್ಲಿ ಕ್ಷಮೆ ಕೇಳಲು ಯಾರೂ ಇರಲಿಲ್ಲ. ಎರಡನೆಯ ತಿರುವಿನಲ್ಲಿ ಅವನು ಅವಳು ಹೇಳಿದಂತೆ ತಿರುವಿನ ಕೊನೆಯ ಕಡೆ ಕಣ್ಣು ಚೆಲ್ಲಿದ, ಅಷ್ಟೇ. ಗಾಡಿ ತಾನಾಗಿ ಬಾಗಿತು. ಸರಿಯಾಗಿ ಅಳತೆ ಕೊಟ್ಟ ಹಲ್ಲು ವಸಡಿನ ಮೇಲೆ ಟಪ್ಪೆಂದು ಕೂರುವ ಆ ಒಂದು ಕ್ಷಣವಿರುತ್ತದಲ್ಲ, ಉಜ್ಜುವುದು ಬೇಡ, ಒತ್ತುವುದು ಬೇಡ, ಅದರ ಜಾಗಕ್ಕೆ ಅದು ಹೋಗಿ ಸೇರುವ ಕ್ಷಣ, ಹಾಗೆ ಗಾಡಿ ತಿರುವಿನೊಳಗೆ ಕೂತಿತು. ಅವನ ಹೊಟ್ಟೆಯಿಂದ ಒಂದು ನಗು ಎದ್ದು ಹೆಲ್ಮೆಟ್ಟಿನ ಗಾಜನ್ನು ಮಂಜು ಮಾಡಿತು. ಗಾಜು ತಿಳಿಯಾಗುವಷ್ಟರಲ್ಲಿ ಎದುರಿಗೆ ಭಾವನ ಬೆನ್ನು ಗೋಡೆಯ ಹಾಗೆ ಬಂದು ನಿಂತಿತ್ತು. ಬ್ರೇಕು ಒತ್ತಿದ.

ಭಾವ ನಿಧಾನವಾಗಿದ್ದರು. ಎಂಥ ನಿಧಾನವೆಂದರೆ ನೇರ ರಸ್ತೆಯಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಅವರಿಬ್ಬರನ್ನು ದಾಟಿ ಹೋದರು. ತಿಂಗಳ ಹಿಂದೆ ಗಾಡಿ ಕಲಿತವನಂತೆ ನೆಟ್ಟಗೆ ಕೂತಿದ್ದ ಒಬ್ಬ ಉದ್ದನೆಯ ಆಸಾಮಿಯೂ ದಾಟಿದ, ದಾಟುತ್ತ, ಸವಾರರು ಕೈ ಬೀಸುವ ಬದಲು ಮಾಡುವಂತೆ, ಸೌಜನ್ಯಕ್ಕೆ ಕಾಲು ಬೇರೆ ಆಡಿಸಿದ. ಊರಿನ ರಸ್ತೆಯಲ್ಲಿ ನೀರಿನಲ್ಲಿ ಮೀನಿನಂತೆ ಹೋಗುವ ಭಾವನಿಗೆ ಇಲ್ಲಿ ಏನಾಯಿತು? ಪ್ರತಿ ತಿರುವಿಗೂ ಅವರ ಹೆಲ್ಮೆಟ್ಟು ಅರೆ ಹಿಂದಕ್ಕೆ ತಿರುಗುತ್ತಿತ್ತು, ಗಾಡಿ ಓಲಾಡುತ್ತಿತ್ತು, ಬ್ರೇಕಿನ ಜಾಗ ತಪ್ಪುತ್ತಿತ್ತು. ವಯಸ್ಸು, ಎಂದುಕೊಂಡ ಪುಟ್ಟ. ಅಕ್ಕ ಸರಿಯಾಗೇ ಹೇಳಿದಳು. ತಾನು ಹಿಂದೆ ಇರುವುದೇ ಒಳ್ಳೆಯದಾಯಿತು. ಹೀಗೆ ಅಂದುಕೊಳ್ಳುವಾಗಲೇ ಅವನ ಬಲಗೈ ಅವನ ಮಾತು ಕೇಳದೆ ಆಕ್ಸಿಲರೇಟರು ತಿರುಚುತ್ತಿತ್ತು. ದಾಟಿಬಿಡು, ಎನ್ನುತ್ತಿತ್ತು ಕೈ. ಎಂಥ ನೀಚ ಕೈ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವನು ಮೊದಲ ಸಲ ಕ್ಲಚ್ಚು ಬಿಟ್ಟಾಗ, ಮೈದಾನದ ಉದ್ದಕ್ಕೂ ಸೀಟು ಹಿಡಿದು ಪಕ್ಕದಲ್ಲೇ ಓಡಿ, ಚಪ್ಪಲಿ ಕಿತ್ತುಹೋದರೂ ಬಿಡದೆ ಬರಿಗಾಲಲ್ಲಿ ಓಡಿ, "ಮುಂದೆ ನೋಡೋ, ನನ್ನ ನೋಡ್ಬೇಡ" ಎಂದು ಕೂಗಿದ ಮನುಷ್ಯ ಅವರು. ಅವರನ್ನು ದಾಟುವುದು ಊಟಕ್ಕೆ ಕೂತವರ ಎಲೆ ದಾಟಿದಷ್ಟೇ ಕೆಟ್ಟದು. ಪುಟ್ಟ ಗೇರು ಇಳಿಸಿದ. ಅವನ ಗಾಡಿ ಅವಮಾನದಿಂದ ಗುರ್ ಎಂದಿತು.

ವಿರಾಮದಲ್ಲಿ ತರಬೇತಿಯವಳು ನೀರಿನ ಬಾಟಲಿ ಹಿಡಿದು ಅವನನ್ನೇ ಹುಡುಕಿಕೊಂಡು ಬಂದಳು. ಭಾವ ಕೈ ತೊಳೆಯಲು ಹೋಗಿದ್ದರು.

"ಸರ್, ನಿಮ್ಮ ಮುಂದೆ ಹೋಗ್ತಿದ್ದಾರಲ್ಲ, ಅವರು ನಿಮಗೇನಾಗ್ಬೇಕು?"

"ಭಾವ. ಅಕ್ಕನ ಯಜಮಾನರು."

"ಹಾಗಂದ್ಕೊಂಡೆ. ಟ್ರ್ಯಾಕಲ್ಲಿ ಭಾವ ಬಾಮೈದ ಅಂತ ಇಲ್ಲ ಸರ್. ನೀವು ತಿರುವು ಚೆನ್ನಾಗಿ ಹಿಡೀತೀರಿ, ಆಮೇಲೆ ಅವರ ಹಿಂದೆ ಹೋಗಿ ಬ್ರೇಕ್ ಹಾಕ್ತೀರಿ. ತಿರುವಿನ ಮಧ್ಯೆ ಹಾಗೆ ಬ್ರೇಕ್ ಹಾಕಿದ್ರೆ ಒಂದಿನ ನೆಲ ನೋಡ್ತೀರಿ. ನೇರ ಬಂದಾಗ ದಾಟಿ ಹೋಗಿ."

"ಅವರಿಗೆ ಬೇಜಾರಾಗುತ್ತೆ ಮೇಡಂ."

"ಅವರು ಹೇಳಿದ್ರಾ?"

ಅವಳು ಹೊರಟವಳು ತಿರುಗಿ, "ನನ್ನ ಹಲ್ಲಲ್ಲಿ ಏನಾದ್ರೂ ಸಿಕ್ಕೊಂಡಿದ್ಯಾ? ಬೆಳಿಗ್ಗೆಯಿಂದ ನೋಡ್ತಿದೀರಿ," ಎಂದು ಕೇಳಿದಳು. ಪುಟ್ಟನ ಮುಖ ಚರ್ಮದ ಉಡುಪಿನ ಕೆಂಪಿಗೆ ಸಮನಾಯಿತು. "ಇಲ್ಲ ಇಲ್ಲ, ನಾನು ಹಲ್ಲು ಮಾಡೋನು, ಹಾಗಾಗಿ," ಎಂದು ತೊದಲಿದ. ಹಾಗಾಗಿ ಏನು ಎಂದು ಅವನಿಗೇ ತಿಳಿಯಲಿಲ್ಲ. ಅವಳು ನಗುತ್ತ, ನಾಲಿಗೆಯ ತುದಿಯಿಂದ ಆ ಕೋರೆಹಲ್ಲನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಹೋದಳು.

ಎರಡನೆಯ ಸರದಿಯಲ್ಲಿ ನಡೆದದ್ದು ಇನ್ನೂ ಕೆಟ್ಟದ್ದು. ಭಾವ ಈಗ ತಿರುವಿನಲ್ಲಷ್ಟೇ ಅಲ್ಲ, ನೇರ ರಸ್ತೆಯಲ್ಲೂ ಕತ್ತು ತಿರುಗಿಸುತ್ತಿದ್ದರು. ಒಮ್ಮೆಯಂತೂ ಪೂರ್ತಿ ಹಿಂದಕ್ಕೆ ತಿರುಗಿ, ಗಾಡಿ ಹುಲ್ಲಿನ ಅಂಚಿಗೆ ಹೋಗಿ, ಪುಣ್ಯಕ್ಕೆ ಮರಳಿ ಬಂತು. ಮುಂದಿನ ಸುತ್ತಿಗೆ ಬಾವುಟದವನು ಕಪ್ಪು ಬಟ್ಟೆ ಬಿಚ್ಚಿ ಭಾವನ ಕಡೆಗೇ ಕೈ ಮಾಡಿ ತೋರಿಸಿದ. ಎಲ್ಲರೂ ನೋಡುತ್ತಿದ್ದಂತೆ ಭಾವ ಒಬ್ಬರೇ ಒಳಗೆ ಹೋದರು. ಮಾಮೂಲಿನಂತೆ ಪುಟ್ಟನೂ ಹಿಂದೆಯೇ ಹೋದ. ಅವನಿಗೆ ಯಾರೂ ಬಾವುಟ ತೋರಿಸಿರಲಿಲ್ಲ. ತರಬೇತಿಯವಳು ಭಾವನ ಪಕ್ಕ ಬಾಗಿ ಮೆಲ್ಲಗೆ ಏನೋ ಹೇಳುತ್ತಿದ್ದಳು. ಭಾವ ಹೆಲ್ಮೆಟ್ಟು ತೆಗೆಯದೆ, ಗದರಿಸಿಕೊಂಡ ಶಾಲೆಯ ಹುಡುಗನಂತೆ, ಹೂಂ ಹೂಂ ಎನ್ನುತ್ತ ಟ್ಯಾಂಕಿನ ಮುಚ್ಚಳವನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು. ಇದನ್ನು ತಾನು ನೋಡಬಾರದಿತ್ತು ಅನ್ನಿಸಿತು ಪುಟ್ಟನಿಗೆ. ಮುಖ ತಿರುಗಿಸಿ ತನ್ನ ಗಾಡಿಯ ಚೈನಿನಲ್ಲಿ ಇಲ್ಲದ ದೋಷವೊಂದನ್ನು ಹುಡುಕಿದ.

ಮಧ್ಯಾಹ್ನ ಇಬ್ಬರೂ ಹಳೆಯ ಟಯರುಗಳ ರಾಶಿಯ ನೆರಳಲ್ಲಿ ಕೂತರು. ಜಿಪ್ಪು ಹೊಟ್ಟೆಯವರೆಗೆ ಇಳಿಸಿ, ಉಡುಪಿನ ಮೇಲರ್ಧವನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದರು. ಭಾವನ ಬನಿಯನ್ನು ಬೆವರಿಗೆ ಅಂಟಿ, ಎದೆಯ ಬಿಳಿ ಕೂದಲು ಕಾಣುತ್ತಿತ್ತು. ಅಕ್ಕನ ಬ್ರೆಡ್ಡನ್ನು ಬಿಚ್ಚಿ ನಡುವೆ ಇಟ್ಟರು. ಎಲ್ಲೋ ಒಂದು ಇಂಜಿನ್ನು ಮೇಲೆ ಮೇಲೆ ಕೂಗಿ ತಟ್ಟನೆ ಸುಮ್ಮನಾಯಿತು.

"ಏನಂದ್ಳು ಅವಳು?" ಪುಟ್ಟ ಕೇಳಿದ.

"ಇನ್ನೊಂದು ಸಲ ಹಿಂದೆ ನೋಡಿದ್ರೆ ಮನೆಗೆ ಕಳಿಸ್ತೀನಿ ಅಂದ್ಳು."

"ಯಾಕೆ ನೋಡ್ತೀರಿ ಭಾವ ಹಿಂದೆ?"

ಭಾವ ಬ್ರೆಡ್ಡಿನ ಅಂಚನ್ನು ಕಿತ್ತು ಬೇರೆ ಇಟ್ಟರು. ಅಂಚು ತಿನ್ನುವುದು ಅವರಿಗೆ ಆಗದು. ಎಷ್ಟೋ ವರ್ಷಗಳಿಂದ ಅವರು ಬಿಟ್ಟ ಅಂಚನ್ನು ಪುಟ್ಟನೇ ತಿನ್ನುತ್ತಿದ್ದ. "ಕನ್ನಡಿ ಇಲ್ವಲ್ಲೋ," ಅಂದರು. "ನೀನು ಬರ್ತಿದೀಯೋ ಇಲ್ವೋ ಅಂತ ಹೇಗೆ ಗೊತ್ತಾಗ್ಬೇಕು ನಂಗೆ?"

"ನಾನು ಬಂದ್ರೆ ಏನು, ಬರದಿದ್ರೆ ಏನು? ನನ್ನ ಯಾಕೆ ನೋಡ್ತೀರಿ?"

"ನಿಮ್ಮಕ್ಕ ಹೇಳಿದಾಳೆ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. "ನಿಂಗೆ ಹೇಳ್ಬಾರ್ದು ಅಂದಿದ್ಳು. ಬೆಳಿಗ್ಗೆ, ನೀನು ಸ್ನಾನಕ್ಕೆ ಹೋಗಿದ್ದಾಗ. 'ರೀ, ಅವನು ಹುಂಬ. ನೀವು ಮುಂದೆ ಇದ್ದು ಅವನನ್ನ ಹಿಡ್ಕೊಂಡು ಹೋಗಿ, ಕಣ್ಣು ತೆಗೀಬೇಡಿ' ಅಂತ."

ಪುಟ್ಟ ಬಾಯಲ್ಲಿದ್ದ ಅಂಚನ್ನು ಅಗಿಯುವುದು ನಿಲ್ಲಿಸಿದ. ಭಾವನನ್ನು ನೋಡಿದ. ಆಮೇಲೆ ಹೇಳಬಾರದೆಂದು ಆಣೆಯಂತೆ ಹೇಳಿಸಿಕೊಂಡದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟ. ಅಡುಗೆಮನೆ, ಬೆಣ್ಣೆಯ ಕೈ, ಅವರಿಗೆ ವಯಸ್ಸಾಯ್ತು ಅನ್ನುವುದನ್ನು ಮಾತ್ರ ಬಿಟ್ಟು, ಉಳಿದದ್ದೆಲ್ಲ. ಭಾವ ಕನ್ನಡಕ ತೆಗೆದರು. ಅವರ ಭುಜ ಮೊದಲು ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಸದ್ದು ಬಂತು. ಟಯರಿನ ರಾಶಿಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಪುಟ್ಟನಿಗೂ ತಡೆಯಲಾಗಲಿಲ್ಲ. "ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅಂದಂಗಾಯ್ತು," ಅಂದರು ಭಾವ, "ಇಲ್ಲಿ ಎರಡೂ ಕೋಣ ಒಂದನ್ನೊಂದು ಕಾಯ್ತಾ ನಡುನೀರಲ್ಲಿ ನಿಂತಿವೆ." ನಗು ಇಳಿಯಿತು. ಭಾವ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು.

"ಈಗ ನೀನು ಮುಂದೆ ಹೋಗು," ಭಾವ ಅಂದರು.

"ಬೇಡ ಭಾವ."

"ಯಾಕೆ ಬೇಡ? ನಿಂಗೆ ಬರುತ್ತೆ. ನಂಗೆ ಕೇಳಿಸ್ತಿತ್ತು ನಿನ್ನ ಇಂಜಿನ್ನು. ಪ್ರತಿ ತಿರುವಲ್ಲೂ ಬಂದು ಬಂದು ನನ್ನ ಬೆನ್ನಿಗೆ ಡಿಕ್ಕಿ ಹೊಡೆದ ಹಾಗೆ ನಿಲ್ತಿತ್ತು. ಅದನ್ನ ಕೇಳ್ತಾ ಓಡ್ಸೋದು ನಂಗೆ ಎಷ್ಟು ಹಿಂಸೆ ಗೊತ್ತಾ? ಹೊಟ್ಟೆ ಹಸಿದವರ ಮುಂದೆ ಕೂತು ಊಟ ಮಾಡಿದ ಹಾಗೆ."

"ನೀವು ಹಿಂದೆ ಇದ್ರೆ..." ಪುಟ್ಟ ಮಾತು ಹುಡುಕಿದ. ನೀವು ಹಿಂದೆ ಇದ್ದರೆ ನನಗೆ ಭಯವಾಗುತ್ತದೆ ಎನ್ನಬೇಕೆಂದಿದ್ದ. ಆದರೆ ಹೇಳಹೊರಟಾಗ ಅದು ಸುಳ್ಳೆಂದು ತಿಳಿಯಿತು. ಭಯವಲ್ಲ. ಮುಂದೆ ಯಾರೂ ಇಲ್ಲದಿದ್ದರೆ, ಮುಂದೆ ಬರೀ ರಸ್ತೆಯಿದ್ದರೆ, ತಪ್ಪಿದಾಗ ಯಾರ ಬೆನ್ನನ್ನು ಬಯ್ಯುವುದು? ಇಷ್ಟು ವರ್ಷ ತಾನು ನಿಧಾನ ಹೋದದ್ದಕ್ಕೆಲ್ಲ ಎದುರಿಗೊಂದು ಕಾರಣ ಇತ್ತು, ಕೆಂಪು ದೀಪ ಹೊತ್ತುಕೊಂಡು, ಮಾತುಮಾತಿಗೆ ಬುದ್ಧಿ ಹೇಳುತ್ತ. ಹಲ್ಲು ಮಾಡುವ ಸ್ವಂತ ಲ್ಯಾಬು ತೆರೆಯಲಿಲ್ಲ, ಭಾವ ಬೇಡವೆಂದರು. ದೂರದ ಊರಿಗೆ ಹೋಗಲಿಲ್ಲ, ಭಾವ ಯೋಚಿಸು ಅಂದರು. ಯೋಚಿಸು ಅಂದಿದ್ದರಷ್ಟೆ. ಬೇಡವೆಂದದ್ದು ತಾನೇ ಇರಬೇಕು. ಬ್ರೆಡ್ಡಿನ ಅಂಚು ಬಾಯಲ್ಲಿ ಒಣಗಿತು.

"ಸರಿ," ಅಂದ. "ಹೋಗ್ತೀನಿ."

"ಹೋಗು ಮಾರಾಯ," ಅಂದರು ಭಾವ. "ನಾನೂ ಸ್ವಲ್ಪ ರಸ್ತೆ ನೋಡ್ತೀನಿ."

ಮೂರನೆಯ ಸರದಿ. ಬಿಸಿಲು ವಾಲಿತ್ತು, ಟ್ರ್ಯಾಕಿನ ಮೇಲೆ ಕಾವು ನೀರಿನಂತೆ ಆಡುತ್ತಿತ್ತು. ಒಂದು ಸುತ್ತು ಪುಟ್ಟ ಹಿಂದೆಯೇ ಹೋದ, ಅಭ್ಯಾಸಬಲ. ಎರಡನೆಯ ಸುತ್ತಿಗೆ ಕೊನೆಯ ತಿರುವಿನಿಂದ ಹೊರಬಂದಾಗ ಎದುರಿಗೆ ಉದ್ದನೆಯ ನೇರ ರಸ್ತೆ. ಅದರ ಎಡಬದಿಗೆ ಸರಿದು ಭಾವ, ಬೆನ್ನು ನೋಡಿದರೇ ತಿಳಿಯುವಂತೆ, ಕಾಯುತ್ತಿದ್ದರು. ಪುಟ್ಟ ಕೈ ತಿರುಚಿದ. ಗಾಡಿ ಎದ್ದು ಓಡಿತು. ಭಾವನ ಮೊಣಕಾಲು, ಭಾವನ ಮೊಣಕೈ, ಭಾವನ ಹೆಲ್ಮೆಟ್ಟು ಒಂದಾದಮೇಲೊಂದು ಎಡಗಣ್ಣಿನ ಅಂಚಿನಲ್ಲಿ ಹಿಂದಕ್ಕೆ ಜಾರಿ, ಆಮೇಲೆ ಏನೂ ಇರಲಿಲ್ಲ. ಎದುರಿಗೆ ಏನೂ ಇರಲಿಲ್ಲ. ಇಷ್ಟೇನಾ, ಎಂದುಕೊಂಡ. ಆಕಾಶ ಬಿದ್ದಿರಲಿಲ್ಲ. ಅವನು ಜೋರಾಗಿ ಕೂಗಿದ, ಅರ್ಥವಿಲ್ಲದ ಒಂದು ಸದ್ದು, ಮೇಣ ಕರಗಿಸುವ ಕೋಣೆಯಲ್ಲಿ ಕೂತು ಎಂದೂ ಕೂಗದಿದ್ದ ಸದ್ದು. ಮೊದಲ ತಿರುವು ಕೂತಿತು. ಎರಡನೆಯದು ಕೂತಿತು. ಮೂರನೆಯದರಲ್ಲಿ ಅವನ ಮೊಣಕಾಲು ನೆಲಕ್ಕೆ ಇನ್ನೇನು ಮುಟ್ಟುವಂತಿತ್ತು. ನಿಜವಾಗಿ ಒಂದು ಮೊಳ ಮೇಲಿತ್ತು, ಆದರೆ ಅವನಿಗೆ ಹಾಗನ್ನಿಸಿತು. ನಾಲ್ಕನೆಯದು ಎಡಕ್ಕೆ ಸುತ್ತಿ ಬರುವ ನಿಧಾನದ ತಿರುವು. ಅದರೊಳಗೆ ಬಾಗುತ್ತಿದ್ದಂತೆ, ಭಾವ ಬರುತ್ತಿದ್ದಾರೋ ಇಲ್ಲವೋ ಎಂದು ಕತ್ತು ತಿರುಗಿಸಿ ನೋಡಿದ.

ಕಣ್ಣು ಹಿಂದಕ್ಕೆ ಬಂದಾಗ ರಸ್ತೆ ಬೇರೆಲ್ಲೋ ಹೋಗಿತ್ತು. ಅಂಚಿನ ಕೆಂಪು ಬಿಳಿ ಪಟ್ಟಿ, ಆಮೇಲೆ ಹುಲ್ಲು. ಮುಂದಿನ ಚಕ್ರ ಸೋಪಿನ ಮೇಲೆ ಕಾಲಿಟ್ಟಂತೆ ನಯವಾಗಿ ತಪ್ಪಿಸಿಕೊಂಡಿತು. ಯಾವ ಗಾಬರಿಯೂ ಇಲ್ಲದೆ, ಬೇಸಗೆಯಲ್ಲಿ ನಾಯಿ ನೆರಳಿಗೆ ಒರಗುವ ಹಾಗೆ ಗಾಡಿ ಒರಗಿತು, ಅವನೂ ಒರಗಿದ. ಮೊದಲು ಜಾರಿದ್ದು ಗಾಡಿ, ಆಮೇಲೆ ಸವಾರ. ಬೆಳಗಿನ ಪ್ರಶ್ನೆಗೆ ಇದೇ ಉತ್ತರವಿರಬೇಕು ಎಂದು, ಬೆನ್ನ ಮೇಲೆ ಜಾರುತ್ತ ಆಕಾಶ ನೋಡುತ್ತ, ಅವನಿಗೆ ಹೊಳೆಯಿತು. ಜಲ್ಲಿಗೆ ಬಂದು ಜಾರುವುದು ನಿಂತಿತು. ಕೈ ಬೆರಳು ಆಡಿಸಿದ, ಕಾಲು ಆಡಿಸಿದ, ನಾಲಿಗೆಯಿಂದ ಹಲ್ಲುಗಳನ್ನು ಒಂದು ಸಲ ಸವರಿಕೊಂಡ. ಎಲ್ಲ ಜಾಗದಲ್ಲಿದ್ದವು. ಎದ್ದು ಕೂತ. ದೂರದಲ್ಲಿ ಹಳದಿ ಬಾವುಟ ಬೀಸುತ್ತಿತ್ತು, ಇಬ್ಬರು ಅವನ ಕಡೆ ಓಡಿ ಬರುತ್ತಿದ್ದರು. ಅಷ್ಟರಲ್ಲಿ ಭಾವನ ಗಾಡಿಯ ಸದ್ದು ಕೇಳಿಸಿತು.

ನಿಲ್ಲಿಸುತ್ತಾರೆ ಈಗ, ಎಂದುಕೊಂಡ ಪುಟ್ಟ. ನಿಲ್ಲಿಸಬಾರದ ಕಡೆ ನಿಲ್ಲಿಸಿ, ಗಾಡಿ ಬಿಸಾಕಿ, ಈ ಬಿಸಿಲಲ್ಲಿ ಆ ಉಡುಪಿನಲ್ಲಿ ಓಡಿ ಬರುತ್ತಾರೆ. ಎಲ್ಲರೂ ನೋಡುತ್ತಾರೆ. ಮನೆಗೆ ಕಳಿಸುತ್ತಾರೆ. ತನ್ನಿಂದಾಗಿ. ಅವನು ಕೂತಲ್ಲಿಂದಲೇ ಎರಡೂ ಕೈ ಎತ್ತಿ ಬೇಡ ಬೇಡ ಎಂದು ಬೀಸಿದ. ಭಾವ ತಿರುವಿನೊಳಗೆ ಬಂದರು. ಅವರ ಹೆಲ್ಮೆಟ್ಟು ಅವನ ಕಡೆ ತಿರುಗಲಿಲ್ಲ. ಅದು ತಿರುವಿನ ಆ ಕೊನೆಯ ಕಡೆ, ಅವರು ಹೋಗಬೇಕಾದ ಕಡೆ, ಮೊಳೆ ಹೊಡೆದಂತೆ ನೆಟ್ಟಿತ್ತು. ಗಾಡಿ ಹೊರಗಿನಿಂದ ಬಂತು, ಓಲಾಡದೆ ಒಳಗೆ ಬಾಗಿತು, ಮೂಲೆಯನ್ನು ಸವರಿಕೊಂಡು, ಯಾರೋ ನೆಲದ ಮೇಲೆ ಬರೆದಿಟ್ಟ ಗೆರೆಯ ಮೇಲೆ ಹೋದ ಹಾಗೆ ಹೊರಗೆ ಹೋಯಿತು. ಬಿಳಿ ಮೀಸೆಯ, ಅರವತ್ತು ದಾಟಿದ ಆ ಮನುಷ್ಯ, ಜಲ್ಲಿಯಲ್ಲಿ ಕೂತ ತನ್ನ ಹೆಂಡತಿಯ ತಮ್ಮನನ್ನು ಬಿಟ್ಟು, ಒಮ್ಮೆಯೂ ಹಿಂದೆ ನೋಡದೆ ಹೋಗಿಬಿಟ್ಟರು. ಸದ್ದು ದೂರವಾಯಿತು. ಪುಟ್ಟ ಎತ್ತಿದ ಕೈಗಳನ್ನು ಮೆಲ್ಲಗೆ ಇಳಿಸಿದ. ಅಷ್ಟರಲ್ಲಿ ಓಡಿ ಬಂದವರು, "ಪೆಟ್ಟಾಯ್ತಾ ಸರ್? ಎಲ್ಲಿ ನೋವು?" ಎಂದು ಅವನ ಭುಜ ಹಿಡಿದರು. "ಏನಿಲ್ಲ," ಅಂದ. "ಸ್ವಲ್ಪ ಹೊತ್ತು ಇಲ್ಲೇ ಕೂತ್ಕೊಳ್ಲಾ?" ಅವರು ಮುಖ ಮುಖ ನೋಡಿಕೊಂಡು, ಅವನ ತಲೆಗೆ ಪೆಟ್ಟಾಗಿದೆಯೇ ಎಂದು ಎರಡು ಬೆರಳು ತೋರಿಸಿ ಎಷ್ಟು ಎಂದು ಕೇಳಿದರು.

ಬ್ರೇಕಿನ ಹಿಡಿ ಮುರಿದಿತ್ತು, ಅವನ ಮಟ್ಟಿಗೆ ಆಟ ಮುಗಿಯಿತು. ಮೊಣಕೈ ಬಳಿ ಬಾಡಿಗೆಯ ಚರ್ಮ ತರಚಿ ಒಳಗಿನ ಅಸ್ತರು ಕಾಣುತ್ತಿತ್ತು. ಗಾಡಿಯನ್ನು ಅವರು ಎತ್ತಿಕೊಂಡು ಬಂದರು, ಅವನು ಕುಂಟುತ್ತ ನಡೆದು ಬಂದ. ಸರದಿ ಮುಗಿಯುವವರೆಗೆ ಗೋಡೆಗೆ ಒರಗಿ ನಿಂತು, ಭಾವ ಒಬ್ಬರೇ ಸುತ್ತುವುದನ್ನು ನೋಡಿದ. ಬರುವರು, ಹೋಗುವರು. ಬೆಳಿಗ್ಗೆ ಕಾಲು ಆಡಿಸಿದ್ದ ಆ ಉದ್ದನೆಯ ಆಸಾಮಿಯನ್ನು ನೇರ ರಸ್ತೆಯಲ್ಲಿ ದಾಟಿದರು. ದಾಟುವಾಗ ಅವರೂ ಸೌಜನ್ಯಕ್ಕೆ ಕಾಲು ಆಡಿಸಿದರು. ಅಕ್ಕನಿಗೆ ಏನು ಹೇಳುವುದೆಂದು ಯೋಚಿಸಲು ನೋಡಿದ, ಮನಸ್ಸು ನಿಲ್ಲಲಿಲ್ಲ. ಯಾರಿಗೂ ಏನೂ ಹೇಳಬೇಕಾಗಿಲ್ಲದ ಒಂದು ಮಧ್ಯಾಹ್ನ ಹೀಗೂ ಇರುತ್ತದೆ, ಮೈ ನೋಯುತ್ತ, ಬಿಸಿಲು ಹಣೆಗೆ ಬಡಿಯುತ್ತ.

ಭಾವ ಒಳಗೆ ಬಂದು ಗಾಡಿ ನಿಲ್ಲಿಸಿದರು. ಹೆಲ್ಮೆಟ್ಟು ಕಿತ್ತು, ಒದ್ದೆ ಕೂದಲಲ್ಲಿ, ಕನ್ನಡಕ ಸೊಟ್ಟಗಾಗಿ, ಅವನ ಕಡೆ ಬಿರುಸಾಗಿ ನಡೆದು ಬಂದರು. ಪುಟ್ಟ ತರಚಿದ ಮೊಣಕೈಯನ್ನು ಬೆನ್ನ ಹಿಂದೆ ಅಡಗಿಸಿದ.

"ಆ ಎಡಗಡೆ ತಿರುವು," ಭಾವ ಅಂದರು, ಏದುಸಿರಲ್ಲಿ. "ನೋಡಿದ್ಯಾ?"

"ನಾನು ಅಲ್ಲೇ ಬಿದ್ದಿದ್ದೆ ಭಾವ."

"ಗೊತ್ತು ಕಣೋ, ದೂರದಿಂದ್ಲೇ ಕಂಡೆ. ಎದ್ದು ಕೂತಿದ್ದೆ. ಎದ್ದು ಕೂತೋನ ಮೇಲೆ ನಾನು ಯಾವತ್ತೂ ದೊಡ್ಡ ರಿಪೋರ್ಟು ಬರ್ದಿಲ್ಲ. ತಿರುವು ನೋಡಿದ್ಯಾ ಅಂದೆ."

"ನೋಡಿದೆ." ಪುಟ್ಟ ಒಂದು ಗುಕ್ಕು ಉಸಿರೆಳೆದ. ಚೆನ್ನಾಗಿತ್ತು ಎನ್ನಲು ಬಾಯಿ ತೆರೆದವನು, ಇನ್ನೇನೋ ಹೇಳುತ್ತಿರುವುದನ್ನು ತಾನೇ ಕೇಳಿಸಿಕೊಂಡ. "ಗೆರೆ ಸರಿಯಾಗಿತ್ತು. ಆದ್ರೆ ಕೈ ಬಿಗಿ ಮಾಡ್ಕೊಂಡಿದ್ರಿ. ಭುಜ ಎರಡೂ ಕಿವಿ ಹತ್ರ ಇದ್ವು."

ಭಾವನ ಮುಖದ ನಗು ಅಲ್ಲೇ ನಿಂತಿತು. ಪುಟ್ಟನಿಗೆ ಹೇಳಿದ್ದನ್ನು ಹಿಂದಕ್ಕೆ ನುಂಗುವ ಹಾಗಿದ್ದರೆ ಅನ್ನಿಸಿತು. ಭಾವ ತಮ್ಮ ಎಡಭುಜವನ್ನು ನೋಡಿಕೊಂಡರು, ಬಲಭುಜವನ್ನು ನೋಡಿಕೊಂಡರು, ಅವು ಅಲ್ಲಿಗೆ ಯಾವಾಗ ಬಂದವು ಎನ್ನುವ ಹಾಗೆ.

"ಹೌದಾ?" ಅಂದರು. "ಹಂಗಾದ್ರೆ ಹೆಂಗಿರ್ಬೇಕು?"

ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯೊಂದಿತ್ತು. ಪುಟ್ಟ ಅದನ್ನು ಎಳೆದು, ಹಿಂದುಮುಂದಾಗಿ ತಿರುಗಿಸಿಟ್ಟ. ಭಾವ ಅದರ ಮೇಲೆ ಗಾಡಿಯ ಮೇಲೆ ಕೂತಂತೆ ಕಾಲು ಹಾಕಿ ಕೂತು, ಒರಗುವ ಭಾಗದ ಎರಡು ಮೂಲೆಗಳನ್ನು ಹ್ಯಾಂಡಲಿನಂತೆ ಹಿಡಿದರು. ಆಚೆಯ ಗುಂಪಿನವರು ನೀರು ಕುಡಿಯುತ್ತ ನೋಡುತ್ತಿದ್ದರು. ಪುಟ್ಟ ಹಿಂದೆ ನಿಂತು ಭಾವನ ಭುಜಗಳ ಮೇಲೆ ಎರಡೂ ಕೈಯಿಟ್ಟ. ಚರ್ಮ ಇನ್ನೂ ಬಿಸಿಯಾಗಿತ್ತು, ಅದರೊಳಗೆ ಅವನು ಎಣಿಸಿದ್ದಕ್ಕಿಂತ ಸಣ್ಣ ಭುಜಗಳಿದ್ದವು. ಮೆಲ್ಲಗೆ ಕೆಳಕ್ಕೆ ಒತ್ತಿದ.

"ಬಿಡಿ," ಅಂದ. "ಇನ್ನೂ ಬಿಡಿ."

ಭಾವ ಬಿಟ್ಟರು.